ಹಿಂದಿನ ಚಕ್ರಕ್ಕೆ ಅರ್ಧ ಇಟ್ಟಿಗೆ

ಹನ್ನೊಂದನೇ ತಾರೀಖು, ಶುಕ್ರವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ದೂರುದಾರನಿಗೆ ತನ್ನ ದೂರನ್ನು ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯಲಿಲ್ಲ. ಮದುವೆ ಫೋಟೊ ತೆಗೆಯುವ ಸ್ಟುಡಿಯೊ ಮಾಲೀಕ ಆತ. ವಯಸ್ಸು ಮೂವತ್ತರ ಆಸುಪಾಸು. ಬೆಂಚಿನ ತುದಿಯಲ್ಲಿ ಕೂತು ಕೈ ಹಿಸುಕಿಕೊಳ್ಳುತ್ತಿದ್ದ.

“ಕಾರು ಕದ್ದಿದಾರಾ?” ದಫೇದಾರ ಕೇಳಿದ.

“ಇಲ್ಲ ಸಾರ್. ಕಾರು ಅಲ್ಲೇ ಇದೆ.”

“ಗಾಜು ಒಡೆದಿದಾರಾ?”

“ಇಲ್ಲ.”

“ಬಾಗಿಲು?”

“ಲಾಕ್ ಹಾಗೇ ಇತ್ತು. ಕೀ ಕೂಡ ಒಳಗೇ ಇತ್ತು.”

ದಫೇದಾರ ಪೆನ್ನು ಕೆಳಗಿಟ್ಟ. “ಎಲ್ಲಾ ಸರಿಯಾಗಿದೆ ಅಂತ ಕಂಪ್ಲೇಂಟ್ ಕೊಡೋಕೆ ಬಂದವರನ್ನ ನನ್ನ ಸರ್ವಿಸಲ್ಲೇ ನೋಡಿರಲಿಲ್ಲ ಕಣ್ರೀ.”

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಎದ್ದು ಬಂದರು. ಭೌತಶಾಸ್ತ್ರ ಓದಿ ಪೊಲೀಸ್ ಆದವರು. ಎಲ್ಲ ಸರಿಯಾಗಿ ಕಾಣುವ ಕಡೆ ಅವರಿಗೆ ಕುತೂಹಲ ಹೆಚ್ಚು. “ನಿಧಾನಕ್ಕೆ ಹೇಳಿ,” ಎಂದರು.

ಆತ ಹೇಳಿದ. ಎರಡು ತಿಂಗಳ ಹಿಂದೆ, ನಿವೃತ್ತ ಸರ್ವೇಯರೊಬ್ಬರಿಂದ ಹಳೇಕಾಲದ ಕಾರೊಂದನ್ನು ಕೊಂಡಿದ್ದ. ಗುಂಡು ದೀಪ, ಆಮೆಯ ಬೆನ್ನಿನಂತೆ ಉಬ್ಬಿದ ಛಾವಣಿ. ಬೀದಿಯವರೆಲ್ಲ ಅದನ್ನು ಆಮೆ ಎಂದೇ ಕರೆಯುತ್ತಿದ್ದರು. ನಿನ್ನೆ ಸಂಜೆ ಸ್ಟುಡಿಯೊ ಮುಂದೆ ನಿಲ್ಲಿಸಿ, ಫೋನಿನಲ್ಲಿ ಮಾತಾಡುತ್ತ ಒಳಗಿನ ಹಿಡಿ ಒತ್ತಿ ಬಾಗಿಲು ತಳ್ಳಿಬಿಟ್ಟ. ಕೀ ಒಳಗೇ ಉಳಿಯಿತು. ಮೆಕ್ಯಾನಿಕ್ ಬಂದು ಕಿಟಕಿಯ ರಬ್ಬರಿನ ಸಂದಿಯಲ್ಲಿ ತಂತಿ ತೂರಿಸಿ ಒಂದು ಗಂಟೆ ಒದ್ದಾಡಿದ, ಆಗಲಿಲ್ಲ. ಗಾಜು ಒಡೆದರೆ ಅಂಥ ಗಾಜು ಮತ್ತೆ ಸಿಗದು. ಹಾಗಾಗಿ ರಾತ್ರಿ ಕಾರನ್ನು ಅಲ್ಲೇ ಬಿಟ್ಟ. ಬೆಳಿಗ್ಗೆ ಕೀ ಮಾಡುವವನು ಬಂದು ಐದೇ ನಿಮಿಷದಲ್ಲಿ ಬಾಗಿಲು ತೆಗೆದ. ಆದರೆ ಕಾರು ಹೊರಡಲೊಲ್ಲದು.

“ಬಾನೆಟ್ ಎತ್ತಿ ನೋಡಿದ್ರೆ ರೋಟರ್ ಇಲ್ಲ ಸಾರ್.”

“ಅಂದ್ರೆ?” ದಫೇದಾರ ಕೇಳಿದ.

“ಪ್ಲಗ್ಗುಗಳಿಗೆ ಒಂದಾದ ಮೇಲೊಂದು ಕಿಡಿ ಹಂಚೋ ತುಂಡು,” ಉತ್ತರಿಸಿದ್ದು ಇನ್‌ಸ್ಪೆಕ್ಟರ್. “ಹೆಬ್ಬೆರಳಷ್ಟಿರುತ್ತೆ. ಅದಿಲ್ಲದೆ ಎಂಜಿನ್ ಎಷ್ಟು ತಿರುಗಿದರೂ ಉರಿಯಲ್ಲ. ಬಾನೆಟ್ ತೆಗೆಯೋ ಹಿಡಿ ಎಲ್ಲಿದೆ?”

“ಡ್ರೈವರ್ ಸೀಟಿನ ಕೆಳಗೆ. ಒಳಗೆ ಹೋಗದೆ ಬಾನೆಟ್ ಏಳಲ್ಲ.”

ಯಾರೋ ಬೀಗ ತೆಗೆದು, ರೋಟರ್ ಬಿಚ್ಚಿಕೊಂಡು, ಮತ್ತೆ ಬೀಗ ಹಾಕಿ ಹೋಗಿದ್ದರು. ಕಣ್ಣೆದುರೇ ನೇತಾಡುತ್ತಿದ್ದ ಕೀಯನ್ನು ಮುಟ್ಟಿರಲಿಲ್ಲ.

“ಇವತ್ತೇ ಯಾಕಿಷ್ಟು ಗಾಬರಿ? ಬೇರೆ ರೋಟರ್ ತರಿಸಿ.”

“ಬರೋದಕ್ಕೆ ವಾರಗಳು ಬೇಕು ಸಾರ್. ಇವತ್ತು ಛಾವಣಿ ಕೊಯ್ಯೋದಿತ್ತು. ಗಂಡು ಹೆಣ್ಣು ನಿಂತುಕೊಂಡು ಫೋಟೊ ತೆಗೆಸಿಕೊಳ್ಳೋ ಹಾಗೆ ತೆರೆದ ಕಾರು ಮಾಡಿಸ್ತಿದೀನಿ. ಅದನ್ನ ಸೊಗಸಾಗಿ ಕೊಯ್ಯೋ ವೆಲ್ಡರ್ ಒಬ್ಬನೇ ಇರೋದು. ಇವತ್ತು ರಾತ್ರಿ ಅವನು ಬಂದರಿನ ಕೆಲಸಕ್ಕೆ ಹೊರಟರೆ ಮತ್ತೆ ಬರೋದು ಮುಂದಿನ ವರ್ಷ. ಎಳ್ಕೊಂಡು ಹೋಗೋಣ ಅಂದ್ರೆ, ಹಗ್ಗ ಕಟ್ಟಿದ್ರೆ ಮುಂಭಾಗವೇ ಕೈಗೆ ಬರುತ್ತೆ ಅಂತಾನೆ ಮೆಕ್ಯಾನಿಕ್.”

ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಮಹಿಳಾ ಕಾನ್‌ಸ್ಟೇಬಲ್ ಸ್ಥಳಕ್ಕೆ ಹೋದರು.

ಕಾರು ಸ್ಟುಡಿಯೊ ಮುಂದೆ ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು ನಿಂತಿತ್ತು. ಪಕ್ಕದ ನಿವೇಶನದಲ್ಲಿ ಯಾರದೋ ಗೋಡೆ ಏಳುತ್ತಿತ್ತು. ಇಟ್ಟಿಗೆ ರಾಶಿ, ಮರಳು. ಪಕ್ಕದಂಗಡಿಯ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು.

ಕೀ ಮಾಡುವವನು ಇನ್ನೂ ಅಲ್ಲೇ ಇದ್ದ. “ಈ ಬೀಗ ಮಾನ ಬಿಟ್ಟು ಎಷ್ಟೋ ಕಾಲ ಆಗಿದೆ ಸಾರ್. ಒಳಗಿನ ಹಲ್ಲೆಲ್ಲಾ ಸವೆದಿದೆ. ಸಣ್ಣ ಚಪ್ಪಟೆ ಕೀ ಯಾವುದಾದ್ರೂ ಸರಿ, ಒಂಚೂರು ಎತ್ತಿ ತಿರುಗಿಸಿದ್ರೆ ತೆಗೆಯುತ್ತೆ, ಹಾಕುತ್ತೆ. ಆ ಎತ್ತೋದು ಗೊತ್ತಿರಬೇಕು ಅಷ್ಟೆ.”

“ಎಣ್ಣೆ ನೀನು ಹಾಕಿದ್ದಾ?” ಬೀಗದ ಬಾಯಲ್ಲಿ ತೆಳ್ಳಗೆ ಹೊಳೆಯುತ್ತಿದ್ದುದನ್ನು ಇನ್‌ಸ್ಪೆಕ್ಟರ್ ತೋರಿಸಿದರು.

“ಇಲ್ಲ ಸಾರ್. ನಾನು ಬರೋ ಹೊತ್ತಿಗೇ ಇತ್ತು.”

ದಫೇದಾರ ಬಗ್ಗಿ ಮೂಸಿದ. “ಎಂಜಿನ್ ಎಣ್ಣೆ ಅಲ್ಲ ಸಾರ್. ಹೊಲಿಗೆ ಮಿಷನ್ನಿಗೆ ಹಾಕೋದು. ನಮ್ಮನೇಲಿ ದಿನಾ ಇದೇ ವಾಸನೆ, ಊಟಕ್ಕೆ ಕೂತರೂ ಬಿಡಲ್ಲ.”

“ಬೀಗಕ್ಕೆ ನೋವಾಗದ ಹಾಗೆ ತೆಗೆದಿರೋ ಕಳ್ಳ,” ಎಂದುಕೊಂಡು ಇನ್‌ಸ್ಪೆಕ್ಟರ್ ಕಾರನ್ನೊಂದು ಸುತ್ತು ಹಾಕಿದರು. ಹಿಂದಿನ ಎಡಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ.

ಚಕ್ರಕ್ಕೆ ಯಾರೋ ಅರ್ಧ ಇಟ್ಟಿಗೆಯೊಂದನ್ನು ಒತ್ತುಕೊಟ್ಟಿದ್ದರು.

“ಇದನ್ನ ಇಟ್ಟವರು ಯಾರು?”

ಸ್ಟುಡಿಯೊದವನಿಗೆ ಗೊತ್ತಿಲ್ಲ. ಪಕ್ಕದಲ್ಲೇ ನಿಂತಿದ್ದ ಮೆಕ್ಯಾನಿಕ್ಕಿಗೆ ಅವಮಾನವಾದಂತಾಯಿತು. “ಇಟ್ಟಿಗೆ ಯಾಕ್ ಸಾರ್? ಕಾರು ಬಂದ ವಾರವೇ ಹ್ಯಾಂಡ್‌ಬ್ರೇಕ್ ನಾನೇ ಸರಿಮಾಡಿದೀನಿ. ಮೊದಲು ಸತ್ತೇ ಹೋಗಿತ್ತು. ಈಗ ಆನೆ ತಳ್ಳಿದ್ರೂ ಜರುಗಲ್ಲ.”

ಇನ್‌ಸ್ಪೆಕ್ಟರ್ ಜೇಬಿನಿಂದ ಗುಂಡನೆಯ ಪೆನ್ಸಿಲ್ ತೆಗೆದು ರಸ್ತೆಯ ಮೇಲಿಟ್ಟರು. ಅದು ಯಾವ ಕಡೆಗೂ ಉರುಳಲಿಲ್ಲ. ರಸ್ತೆ ಸಮತಟ್ಟು, ಬ್ರೇಕು ಗಟ್ಟಿ. ಆದರೂ ಪಕ್ಕದ ರಾಶಿಯಿಂದ ಆರಿಸಿ ತಂದು ಇಟ್ಟಿಗೆ ಒತ್ತಿದ್ದಾರೆ. ಕದಿಯಲು ಬಂದವರು ಕಾರು ಉರುಳೀತೆಂದು ಚಿಂತಿಸುವುದುಂಟೇ? ಅದು ಯೋಚಿಸಿ ಮಾಡಿದ ಕೆಲಸವಾಗಿರಲಿಕ್ಕಿಲ್ಲ, ಕೈ ತಾನಾಗಿ ಮಾಡಿದ ಕೆಲಸ. ಬ್ರೇಕು ಸತ್ತಿದ್ದ ಕಾಲದಲ್ಲಿ ಈ ಕಾರಿನ ಜೊತೆ ಬಾಳಿದ ಕೈ.

“ನಿನ್ನೆ ಕೀ ಒಳಗೆ ಉಳೀತು ಅಂತ ಯಾರ್ಯಾರಿಗೆ ಹೇಳಿದ್ರಿ?”

“ಮೆಕ್ಯಾನಿಕ್ಕಿಗೆ, ವೆಲ್ಡರಿಗೆ. ಆಮೇಲೆ ಸರ್ವೇಯರ್ ಮನೆಗೆ ಫೋನ್ ಮಾಡ್ದೆ, ಬಾಗಿಲು ತೆಗೆಯೋಕೆ ಏನಾದ್ರೂ ಉಪಾಯ ಇದೆಯಾ ಅಂತ. ಅವರ ಹೆಂಡ್ತಿ ತಗೊಂಡ್ರು. ಗೊತ್ತಿಲ್ಲಪ್ಪ ಅಂದ್ರು.”

“ಛಾವಣಿ ವಿಷಯ ಬಂತಾ?”

“ವೆಲ್ಡರ್ ನಾಳೆ ರಾತ್ರಿ ಹೊರಡ್ತಾನೆ, ಅದಕ್ಕೇ ಅವಸರ ಅಂತ ನಾನೇ ಹೇಳ್ದೆ. ಸುಮ್ನಾಗಿಬಿಟ್ರು. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ.”

ಇಟ್ಟಿಗೆಯನ್ನು ಚೀಲಕ್ಕೆ ಹಾಕಿ ಸೀಲು ಮಾಡಿದರು.

ಸರ್ವೇಯರ್ ಮನೆ ಎರಡು ಬೀದಿಯಾಚೆ. ಗೇಟಿನ ಒಳಗೆ ಖಾಲಿ ಶೆಡ್ಡು, ನೆಲದ ಮೇಲೆ ಇನ್ನೂ ಮಾಸದ ಎಣ್ಣೆಯ ಕಲೆ. ಜಗಲಿಯ ಕುರ್ಚಿಯಲ್ಲಿ ಎಪ್ಪತ್ತರ ಹಿರಿಯರು ನೆಟ್ಟಗೆ ಕೂತಿದ್ದರು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ದಫೇದಾರ ಇನ್‌ಸ್ಪೆಕ್ಟರ ಕಡೆ ನೋಡಿದ. ಅವರು ನೋಡದವರಂತೆ ಮೆಟ್ಟಿಲೇರಿದರು.

“ಬನ್ನಿ ಬನ್ನಿ. ಎಷ್ಟು ಜನ ಬಂದಿದೀರಿ? ಕುರ್ಚಿ ತರಿಸ್ತೀನಿ.” ಹಿರಿಯರು ಮಾತಾಡಿಸುವಾಗ ದೃಷ್ಟಿ ಇನ್‌ಸ್ಪೆಕ್ಟರ ಭುಜದಾಚೆ ಎಲ್ಲೋ ಇತ್ತು.

“ನಿಮ್ಮ ಹಳೇ ಕಾರಿನ ವಿಷಯ, ಯಜಮಾನ್ರೇ. ಯಾರೋ ಅದರ ರೋಟರ್ ತೆಗೆದಿದಾರೆ.”

“ಅಯ್ಯೋ! ಅದನ್ನ ತಗೊಂಡು ಏನ್ಮಾಡ್ತಾರೆ, ಉಪ್ಪಿನಕಾಯಿ ಹಾಕ್ತಾರಾ?”

“ಕೀ ಒಳಗೆ ಬಿಟ್ಟು ಲಾಕ್ ಆಗೋದು ನಿಮಗೂ ಆಗ್ತಿತ್ತಾ?”

ಹಿರಿಯರು ಮನಸ್ಸು ಬಿಚ್ಚಿ ನಕ್ಕರು. “ಆಗ್ತಿತ್ತಾ ಅಂತ ಕೇಳ್ತೀರಾ? ಬಿಡೋದು ನನ್ನ ಕೆಲಸ, ತೆಗೆಯೋದು ಇವಳ ಕೆಲಸ. ಹೇಗೆ ತೆಗೀತಾಳೆ ಅಂತ ಇವತ್ತಿಗೂ ಹೇಳಿಲ್ಲ ನೋಡಿ. ಆ ಕಡೆ ತಿರುಗಿ ನಿಂತ್ಕೊಳ್ಳಿ ಅನ್ನೋಳು. ತಿರುಗಿ ನಿಲ್ತಿದ್ದೆ. ಹೊಲಿಗೆಯವಳಿಗೆ ಹೆದರದೆ ಇರೋಕಾಗುತ್ತಾ, ಕೈಯಲ್ಲಿ ಕತ್ತರಿ ಇರುತ್ತೆ.”

“ಹ್ಯಾಂಡ್‌ಬ್ರೇಕ್ ನಿಲ್ತಿರಲಿಲ್ಲ, ಅಲ್ವಾ? ಚಕ್ರಕ್ಕೆ ಇಟ್ಟಿಗೆ ಇಡ್ತಿದ್ರಾ?”

“ನಾನೆಲ್ಲಿ ಇಡ್ತಿದ್ದೆ? ಅದೂ ಇವಳೇ. ಕಾರು ನಿಂತಿದ್ದೇ ತಡ, ಇಳಿದು ಇಟ್ಟಾಗಿರೋದು. ಎಡಗಡೆ, ಹಿಂದಿನ ಚಕ್ರ. ಕೈಗೆ ಇಟ್ಟಿಗೆ ಸಿಗದಿದ್ರೆ ಊಟಕ್ಕೂ ಬರ್ತಿರಲಿಲ್ಲ.”

ಒಳಗೆ ಹೊಲಿಗೆ ಯಂತ್ರ ನಿಂತಿತು.

ಹಿರಿಯರ ನಗೆ ಇನ್ನೂ ಮುಖದ ಮೇಲಿತ್ತು. ತಾವು ಏನು ಹೇಳಿಬಿಟ್ಟೆವೆಂಬುದು ಅವರಿಗೆ ಹೊಳೆಯಲು ಎರಡು ಕ್ಷಣ ಹಿಡಿಯಿತು. “ಯಾಕೆ ಕೇಳ್ತಿದೀರಿ?” ಎಂದರು ಮೆಲ್ಲಗೆ.

ಅಷ್ಟರಲ್ಲಿ ಹಿರಿಯರ ಹೆಂಡತಿ, ಬೀದಿಯವರ ಬಾಯಲ್ಲಿ ಟೈಲರಮ್ಮ, ಬಾಗಿಲಿಗೆ ಬಂದರು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಗುಂಡಿಗಳ ತಗಡಿನ ಡಬ್ಬಿ. ಡಬ್ಬಿಯನ್ನು ಇನ್‌ಸ್ಪೆಕ್ಟರ ಮುಂದೆ ಚಾಚಿದರು. ಬಣ್ಣಬಣ್ಣದ ಗುಂಡಿಗಳ ನಡುವೆ, ಬಟ್ಟೆಯ ತುಂಡಿನಲ್ಲಿ ಸುತ್ತಿದ ರೋಟರ್ ಇತ್ತು. ಜೊತೆಗೆ ಹೊಲಿಗೆ ಯಂತ್ರದ ಡ್ರಾಯರಿನ ಚಪ್ಪಟೆ ಕೀ.

“ಬೆಳಿಗ್ಗೆ ಹಾಲಿಗೆ ಹೋದಾಗ ತಗೊಂಡೆ,” ಎಂದರು. “ಬೀಗ ಬಿಗಿಯಾಗಿತ್ತು, ಒಂದು ತೊಟ್ಟು ಎಣ್ಣೆ ಬಿಟ್ಟೆ.”

“ಏನೇ ಇದು?” ಹಿರಿಯರು ಎದ್ದು ನಿಂತರು. “ಯಾಕೆ?”

“ಆಮೇಲೆ ಹೇಳ್ತೀನಿ. ಕೂತ್ಕೊಳ್ಳಿ.”

ಜಪ್ತಿ ಮಹಜರು ಬರೆದು ಮುಗಿಸುವಾಗ ಹನ್ನೆರಡು ಗಂಟೆ. ಮಹಿಳಾ ಕಾನ್‌ಸ್ಟೇಬಲ್ ದಸ್ತಗಿರಿಯ ಕಾರಣ ಓದಿ ಹೇಳಿದಳು. ಟೈಲರಮ್ಮ ಟೇಪು ತೆಗೆದು ಮಡಚಿಟ್ಟು, ಒಲೆ ಆರಿಸಿದೆಯೇ ಎಂದು ಮತ್ತೊಮ್ಮೆ ನೋಡಿ, ಜೀಪು ಹತ್ತಿದರು. ಹಿರಿಯರೂ ಬರುತ್ತೇನೆಂದರು. ಮೆಟ್ಟಿಲಿಳಿಯುವಾಗ ದಫೇದಾರ ಕೇಳದೆಯೇ ಅವರ ಮೊಣಕೈ ಹಿಡಿದ.

ಠಾಣೆಯಲ್ಲಿ ಹಿರಿಯರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಒಳಕೋಣೆಯಲ್ಲಿ ಹೇಳಿಕೆ ಪಡೆದರು.

“ರೋಟರ್ ಬಿಚ್ಚೋದು ಎಲ್ಲಿ ಕಲಿತ್ರಿ?”

“ಪರ ಊರಲ್ಲಿ ತಂಗಿದಾಗ ಇವರು ಅದನ್ನ ಬಿಚ್ಚಿ ನನ್ನ ಕೈಗೆ ಕೊಡ್ತಿದ್ರು, ಕಾರು ಯಾರೂ ಕದೀಬಾರದು ಅಂತ. ಗುಂಡಿ ಡಬ್ಬೀಲೇ ಇಡ್ತಿದ್ದೆ.”

“ಇವತ್ತು ಯಾಕೆ ತೆಗೆದ್ರಿ?”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಒಂದು ದಿನ ತಡೆದ್ರೆ ಸಾಕಿತ್ತು. ಆ ವೆಲ್ಡರ್ ಹೋಗೋವರೆಗೆ.”

“ಕಾರಿನ ಮೇಲೆ ಅಷ್ಟು ಆಸೆಯಾ?”

“ನಂಗಾ? ಆ ಬ್ರೇಕಿಲ್ಲದ ಗಾಡಿ ಮೇಲೆ? ತೊಲಗ್ತಲ್ಲ ಅಂತ ಖುಷಿಪಟ್ಟವಳು ನಾನು.” ಹೊರಗಿನ ಬೆಂಚಿನ ಕಡೆ ಇನ್ನೊಮ್ಮೆ ನೋಡಿದರು. “ಅವರ ಕಣ್ಣು ಹೋಗ್ತಿದೆ ಸಾರ್. ನಡುವೆ ಎಲ್ಲ ಮಬ್ಬು, ಅಂಚು ಮಾತ್ರ ಕಾಣುತ್ತೆ. ಎದುರಿಗೆ ನಿಂತೋರ ಮುಖ ಕಾಣಲ್ಲ, ನನ್ನದೂ ಕಾಣಲ್ಲ. ಅದಕ್ಕೇ ಕಾರು ಮಾರಿದ್ದು. ಶೆಡ್ಡು ಬೇಕಾಗಿತ್ತು ಅಂತ ಎಲ್ಲರಿಗೂ ಹೇಳಿದಾರೆ. ಜನ್ಮವೆಲ್ಲ ಕಣ್ಣಿಂದ ಅಳೆದು ಬದುಕಿದೋರು. ಯಾರಿಗೂ ಗೊತ್ತಾಗಬಾರದು ಅಂತ ನನ್ನಿಂದ ಮಾತು ತಗೊಂಡಿದಾರೆ.”

“ಕಾರಿಗೂ ಅದಕ್ಕೂ?”

“ಭಾನುವಾರ ಸಂಜೆ ಒಂದು ಸಲ ನಮ್ಮ ಬೀದೀಲಿ ಓಡಿಸಪ್ಪ ಅಂತ ಮಾರೋವಾಗ ಕೇಳಿದ್ರು. ಆ ಹುಡುಗ ತಪ್ಪದೆ ಬರ್ತಾನೆ. ಗೇಟಿನ ಮೇಲೆ ಆ ಛಾವಣಿ ಗೂನು ಹಾದುಹೋಗುತ್ತಲ್ಲ, ಆಗ ಇವರು ‘ನೋಡೇ, ಹೋಯ್ತು’ ಅಂತಾರೆ. ಬೇರೆಯದೆಲ್ಲ ಸದ್ದು ಕೇಳಿ ಹೇಳ್ತಾರೆ ಸಾರ್. ಅದೊಂದನ್ನ ಮಾತ್ರ ಕಂಡು ಹೇಳ್ತಾರೆ. ಆ ಛಾವಣಿ ಕೊಯ್ದರೆ…”

“ಆ ಹುಡುಗನಿಗೇ ಹೇಳಬಹುದಿತ್ತು.”

“ಹೇಳಬೇಕಾದ್ರೆ ಕಾರಣ ಹೇಳ್ಬೇಕಲ್ಲ. ಮಾತು ಕೊಟ್ಟಿದೀನಿ.” ಆಮೇಲೆ ಮೇಜಿನ ಮೇಲಿನ ಕಾಗದ ನೋಡಿದರು. “ಅದನ್ನ ಬರೀಬೇಡಿ. ಕಳ್ಳಿ ಅಂತ ಬೇಕಾದ್ರೆ ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ಎಲ್ಲವನ್ನೂ ಬರೆಯುವ ಮನುಷ್ಯ. ಪೆನ್ಸಿಲ್ ಉರುಳದ್ದನ್ನೂ ಪಂಚನಾಮೆಯಲ್ಲಿ ಬರೆದಿದ್ದರು. ಈಗ ಪೆನ್ನನ್ನು ಕಾಗದದ ಮೇಲೆ ಹಿಡಿದು ಕೊಂಚ ಹೊತ್ತು ಕೂತರು. ಕೊನೆಗೆ ‘ಕಾರಿನ ರೂಪ ಕೆಡಿಸುವುದು ಇಷ್ಟವಿಲ್ಲದ ಕಾರಣ ತೆಗೆದಿರುತ್ತೇನೆ’ ಎಂದು ಬರೆದು ಓದಿ ಹೇಳಿದರು. ಟೈಲರಮ್ಮ ಸಹಿ ಹಾಕಿದರು.

ಠಾಣಾ ಜಾಮೀನಿಗೆ ಹಿರಿಯರೇ ನಿಂತರು. ಕಾಗದ ಮುಂದಿಟ್ಟಾಗ “ಕನ್ನಡಕ ಮನೇಲೇ ಬಿಟ್ಟು ಬಂದೆ” ಎಂದರು. ಟೈಲರಮ್ಮ ಅವರ ಬೆರಳನ್ನು ಹಿಡಿದು ಸಹಿ ಹಾಕಬೇಕಾದ ಕಡೆ ಇಟ್ಟರು. ಸಹಿ ಗೆರೆ ಬಿಟ್ಟು ಓರೆಯಾಗಿ ಮೇಲಕ್ಕೆ ಹತ್ತಿತು. ಮಹಿಳಾ ಕಾನ್‌ಸ್ಟೇಬಲ್ ಕಿಟಕಿಯಾಚೆ ನೋಡಿದಳು. ದಫೇದಾರನಿಗೆ ಇದ್ದಕ್ಕಿದ್ದಂತೆ ಬೂಟಿನ ದಾರ ಬಿಗಿಯಬೇಕೆನಿಸಿತು.

ಅವರಿಬ್ಬರೂ ಹೊರಟ ಕಾಲು ಗಂಟೆಗೆ ಸ್ಟುಡಿಯೊದವನು ಓಡೋಡಿ ಬಂದ. “ಸಿಕ್ತಂತೆ ಸಾರ್! ಈಗಲೇ ಕೊಡಿ. ಮೂರು ಗಂಟೆಗೆ ಮುಟ್ಟಿಸಿದ್ರೂ ಕೊಯ್ದು ಕೊಡ್ತಾನೆ.”

“ಅದು ಮುದ್ದೇಮಾಲು, ಕೇಸಿನ ಸಾಕ್ಷಿ. ಕೋರ್ಟಿನ ಆದೇಶ ಇಲ್ಲದೆ ಕೊಡೋಕೆ ಬರಲ್ಲ. ಸೋಮವಾರ ಅರ್ಜಿ ಹಾಕಿ.”

“ಹೆಬ್ಬೆರಳಷ್ಟು ತುಂಡಿಗೆ ಕೋರ್ಟಾ?”

“ಅಳತೆ ನೋಡಿ ಕಾನೂನು ಮಾಡಿಲ್ಲ.”

ಆತ ಕುರ್ಚಿಯಲ್ಲಿ ಕುಸಿದು ಕೂತ. “ಆ ಅಮ್ಮ ಯಾಕೆ ಹೀಗೆ ಮಾಡಿದ್ರು ಸಾರ್? ನಾನೇನು ಕೆಟ್ಟದ್ದು ಮಾಡಿದೀನಿ? ಭಾನುವಾರ ಭಾನುವಾರ ಅವರ ಬೀದಿಗೆ ಹೋಗಿ ಬರ್ತೀನಿ.”

“ಹೋದಾಗ ಯಜಮಾನರು ಏನು ಮಾಡ್ತಾರೆ?”

“ಗೇಟಲ್ಲಿ ನಿಂತಿರ್ತಾರೆ. ಕೈ ಎತ್ತುತ್ತಾರೆ. ಆದ್ರೆ ಸ್ವಲ್ಪ ದೊಡ್ಡಸ್ತಿಕೆ ಸಾರ್. ನಾನು ಕೈ ಬೀಸಿದ್ರೂ ನನ್ನ ಮುಖ ನೋಡಲ್ಲ. ಕಾರಿನ ನೆತ್ತಿ ಮೇಲೇ ಕಣ್ಣು. ಹಣ ಎಣಿಸಿ ಕೊಟ್ಟಾಗಲೂ ಹೆಂಡ್ತಿ ಕೈಗೆ…” ಮಾತು ಅಲ್ಲಿಗೆ ನಿಂತಿತು. ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದ: “ಸಾರ್, ಅವರಿಗೆ ಕಣ್ಣು…?”

“ಅಂಥದ್ದೇನೂ ನನ್ನ ದಾಖಲೆಯಲ್ಲಿ ಇಲ್ಲ,” ಎಂದರು ಇನ್‌ಸ್ಪೆಕ್ಟರ್.

ಆತ ಎದ್ದು, ನಮಸ್ಕಾರವನ್ನೂ ಮರೆತು ಹೊರಟುಹೋದ.

ಸಂಜೆ ಮನೆಗೆ ಹೋಗುವಾಗ ಇನ್‌ಸ್ಪೆಕ್ಟರ್ ಆ ಬೀದಿಯಲ್ಲೇ ನಡೆದರು. ಸ್ಟುಡಿಯೊ ಬಾಗಿಲು ಹಾಕಿತ್ತು, ಅದರ ಹಿಡಿಯ ಮೇಲೆ ಇಟ್ಟಿಗೆಯ ಕೆಂಪು ಧೂಳಿನ ಬೆರಳಚ್ಚು. ಆಮೆ ಅದೇ ಜಾಗದಲ್ಲಿ, ಅದೇ ಸಮತಟ್ಟು ರಸ್ತೆಯಲ್ಲಿ ಛಾವಣಿ ಹೊತ್ತು ನಿಂತಿತ್ತು. ಅವರು ಸುಮ್ಮನೆ ಬಗ್ಗಿ ನೋಡಿದರು. ಬೆಳಗಿನ ಅರ್ಧ ಇಟ್ಟಿಗೆ ಠಾಣೆಯ ಚೀಲದಲ್ಲಿತ್ತು. ಎಡಗಡೆ, ಹಿಂದಿನ ಚಕ್ರಕ್ಕೆ ಯಾರೋ ಹೊಸದಾಗಿ ಇಡೀ ಇಟ್ಟಿಗೆಯೊಂದನ್ನು ಒತ್ತುಕೊಟ್ಟಿದ್ದರು.