ಸರಿಯೋ, ಬೆಸವೋ?

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹವಳಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಕೋಟೆಬಾಗಿಲಲ್ಲಿ ಕುಟಿಲಾಂಗನೆಂಬ ಮಾಂತ್ರಿಕ ಪಂದ್ಯ ಹೂಡಿ ಕೂತಿದ್ದ. ಆಟ ಸುಲಭ. ಎದುರಾಳಿ ಮುಷ್ಟಿಯಲ್ಲಿ ಹುಣಸೆಬೀಜ ಹಿಡಿಯಬೇಕು. ಸರಿಯೋ ಬೆಸವೋ ಮಾಂತ್ರಿಕ ಹೇಳಬೇಕು. ಸುತ್ತಲಿನ ಜನ ಹತ್ತು ಎಣಿಸುವುದರೊಳಗೆ ಹೇಳದಿದ್ದರೆ ಅವನು ಸೋತಂತೆ. ಮೂರಾಟದಲ್ಲಿ ಒಂದನ್ನು ಗೆದ್ದವರಿಗೆ ಕೇಳಿದ್ದು ಸಿಗುತ್ತಿತ್ತು. ಮೂರೂ ಸೋತವರು ಜಿಂಕೆಯಾಗಿ ಅವನ ಹಿತ್ತಲು ಸೇರುತ್ತಿದ್ದರು. ಈವರೆಗೆ ಒಬ್ಬರೂ ಗೆದ್ದಿರಲಿಲ್ಲ.

ಹುರಿಗಾಳು ಮಾರುವ ಚೆನ್ನಾಜಿಯ ಅಣ್ಣ ಬೊಮ್ಮಣ್ಣನೂ ಹಾಗೆಯೇ ಜಿಂಕೆಯಾದ. ಮರುದಿನವೇ ಅವಳು ಬಂದು ಮಾಂತ್ರಿಕನ ಎದುರು ಕೂತಳು.

"ಗೆದ್ದರೆ ಏನು ಬೇಕು?" ಎಂದ ಕುಟಿಲಾಂಗ.

"ನಿನ್ನ ಹಿತ್ತಲಿನ ಅಷ್ಟೂ ಜನ. ಜೊತೆಗೆ ನಿನ್ನ ಮಂತ್ರ."

ಮೊದಲ ಆಟಕ್ಕೆ ಅವಳು ನಾಲ್ಕು ಬೀಜ ಎಣಿಸಿ ಹಿಡಿದಳು.

"ಸರಿ! ನಾಲ್ಕು," ಎಂದ ಮಾಂತ್ರಿಕ. ಅವಳ ಕಿವಿಗಳು ಜಿಂಕೆಯ ಕಿವಿಗಳಾದವು.

ಎರಡನೆಯ ಆಟಕ್ಕೆ ಐದು ಹಿಡಿದು, ಮನಸ್ಸಿನಲ್ಲಿ "ಆರು, ಆರು" ಎಂದು ಜಪಿಸಿದಳು.

ಮಾಂತ್ರಿಕ ನಕ್ಕ. "ಜಪ ಆರರದು, ಬೀಜ ಐದು. ಬೆಸ!" ಅವಳ ಪಾದಗಳು ಗೊರಸುಗಳಾದವು.

ಆಗ ಅವಳಿಗೆ ಹೊಳೆಯಿತು. ಇವನಿಗೆ ಮನಸ್ಸು ಕೇಳಿಸುತ್ತದೆ. ನನಗೆ ಗೊತ್ತಿರುವುದೆಲ್ಲ ಇವನಿಗೂ ಗೊತ್ತು. ನನಗೇ ಗೊತ್ತಿಲ್ಲದ್ದು?

ಕಣ್ಣು ಮುಚ್ಚಿ ಹುಣಸೆಬೀಜದ ಬುಟ್ಟಿಗೆ ಕೈ ಹಾಕಿ, ಸಿಕ್ಕಷ್ಟು ಬಾಚಿ ಮುಷ್ಟಿ ಬಿಗಿದಳು.

ಮಾಂತ್ರಿಕ ಅವಳ ಮನಸ್ಸಿಗೆ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ.

"ಎಷ್ಟು ಹಿಡಿದೆಯೇ?" ಎಂದು ಕಿರುಚಿದ.

"ನನಗೇನು ಗೊತ್ತು? ಸರಿಯೋ ಬೆಸವೋ ನೀನೇ ಹೇಳು."

ಜನ ಎಣಿಸತೊಡಗಿದರು. ಒಂದು, ಎರಡು, ಮೂರು... ಅವನು "ಸ" ಎಂದು ಬಾಯಿ ತೆರೆದು ಮುಚ್ಚಿದ. "ಬೆ" ಎಂದು ತೊದಲಿದ. ಗೊತ್ತಿಲ್ಲದ ಉತ್ತರವನ್ನು ಅವನು ಹುಟ್ಟಿದಾಗಿನಿಂದ ಹೇಳಿದವನಲ್ಲ.

"ಹತ್ತು!" ಎಂದು ಜನ ಕೂಗಿದರು.

ಹಿತ್ತಲಿನ ಜಿಂಕೆಗಳೆಲ್ಲ ಮನುಷ್ಯರಾಗಿ ಎದ್ದು ನಿಂತವು. ಚೆನ್ನಾಜಿಯ ಕಿವಿ, ಕಾಲು ಮೊದಲಿನಂತಾದವು. ಕುಟಿಲಾಂಗನ ಮಂತ್ರ ಹಾರಿಹೋಯಿತು. ಅಂದಿನಿಂದ ಯಾರ ಮನಸ್ಸಿನಲ್ಲೇನಿದೆ ಎಂದು ಅವನೂ ಎಲ್ಲರಂತೆ ಬಾಯಿಬಿಟ್ಟು ಕೇಳಬೇಕಾಯಿತು.

ದಾರಿಯಲ್ಲಿ ಬೊಮ್ಮಣ್ಣ ಕೇಳಿದ, "ಅವನು ಸುಮ್ಮನೆ ಏನೋ ಒಂದು ಹೇಳಿ, ಅದು ನಿಜವಾಗಿಬಿಟ್ಟಿದ್ದರೆ ಏನು ಮಾಡ್ತಿದ್ದೆಯೇ ತಂಗಿ?"

"ಏನು ಮಾಡೋದು ಅಣ್ಣ? ನಿನ್ನ ಪಕ್ಕ ನಿಂತು ಹುಲ್ಲು ಮೇಯ್ತಿದ್ದೆ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಹವಳಗಿರಿಯಲ್ಲಿ ಅಂದು ಎಲ್ಲ ಮನೆಗಳಲ್ಲೂ ಹೋಳಿಗೆ. ತಿಂದವರು ಸುಖವಾಗಿದ್ದರು, ಬಡಿಸಿದವರು ಇನ್ನೂ ಸುಖವಾಗಿದ್ದರು.