ಕಡಿಯದ ಗೆರೆ

ಬೆಳಿಗ್ಗೆಯಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ವೀಕ್ಷಣಾಲಯದಲ್ಲಿ ಅಯಾನುಗೋಳದ, ಅಂದರೆ ಉಪಗ್ರಹದ ಸಿಗ್ನಲ್ ಹಾದುಬರುವ ಮೇಲಿನ ಗಾಳಿಪದರದ, ಗ್ರಾಫ್ ನೋಡುವುದು ಅವಳ ಕೆಲಸ. ನೋಡುತ್ತಿದ್ದುದು ಮಾತ್ರ ಗೇಟಿನ ಕಡೆ.

ಸರ್ವೇಯರ್ ಇನ್ನೂ ಬಂದಿರಲಿಲ್ಲ. ಹೊಸ ರಸ್ತೆಗೆ ಜಿಪಿಎಸ್‌ನಲ್ಲಿ ಅಳತೆ ಮಾಡುವ ಆಸಾಮಿ, ಸಂಜೆ ಸಿಗ್ನಲ್ ಹೇಗಿರುತ್ತದೆ ಎಂದು ಕೇಳಲು ಒಂದು ತಿಂಗಳಿಂದ ದಿನಾ ಬರುತ್ತಿದ್ದ. ಫೋನ್ ಮಾಡಿದ್ದರೆ ಸಾಕಿತ್ತು, ಆದರೂ ಬರುತ್ತಿದ್ದ. ಉಳಿದಿದ್ದು ಒಂದೇ ಸಂಜೆಯ ಕೆಲಸ. ಅದು ಮುಗಿದರೆ ಊರು ಬಿಡುತ್ತಾನೆ.

“ಬೆಳಗಿನ ಜಾವ ಕಾಂತೀಯ ಬಿರುಗಾಳಿ ಶುರುವಾಗಿದೆ. ಸಂಜೆ ಸಿಗ್ನಲ್ ಕೈಕೊಡತ್ತೆ, ಅಳೀಬೇಡಿ,” ಎಂದು ನಿನ್ನೆ ಅವಳೇ ಹೇಳಿದ್ದಳು.

ಬಿರುಗಾಳಿ ನಿಜ, ಸಿಗ್ನಲ್ ಮಾತು ಶುದ್ಧ ಸುಳ್ಳು! ಭೂಮಿಯ ಕಾಂತೀಯ ಮಧ್ಯರೇಖೆಗೆ ಹತ್ತಿರದ ಈ ಊರಲ್ಲಿ ಸೂರ್ಯ ಮುಳುಗುವಾಗ ಅಯಾನುಗೋಳ ಮೇಲೇಳುತ್ತದೆ, ಅದರಲ್ಲಿ ಗುಳ್ಳೆಗಳೆದ್ದು ಸಿಗ್ನಲ್ ಅದುರುತ್ತದೆ. ಆದರೆ ಸೂರ್ಯನಿಂದೇಳುವ ಇಂಥ ಬಿರುಗಾಳಿ ಶುರುವಾಗಿ ಅರ್ಧ ದಿನ ಕಳೆದಿದ್ದರೆ, ಸಾಮಾನ್ಯವಾಗಿ ಅದು ಆ ಏಳುವಿಕೆಯನ್ನೇ ಅದುಮಿಬಿಡುತ್ತದೆ, ಸಿಗ್ನಲ್ ಸರಿಯಾಗೇ ಇರುತ್ತದೆ. ಇದೆಲ್ಲ ಗೊತ್ತಿದ್ದೂ ಹೇಳಿದ್ದಳು, ಅವನು ಇನ್ನೊಂದು ದಿನ ಉಳಿಯಲಿ ಎಂದು. ಹತ್ತು ವರ್ಷದ ನೌಕರಿಯಲ್ಲಿ ಒಮ್ಮೆಯೂ ಮಾಡದ ಕೆಲಸ, ಥೂ!

ಕೊನೆಗೂ ಬಂದ. ಬೂಟಿನ ಮಣ್ಣನ್ನು ಮೆಟ್ಟಿಲಿಗೆ ಒರೆಸಿ, ಕಣ್ಣು ತಪ್ಪಿಸುತ್ತಾ ನಿಂತ.

“ನಿಮ್ಮ ಮಾತು ಕೇಳದೆ ಅಳೆಯೋಕೆ ಹೋದೆ ಮೇಡಂ. ನೀವಂದ ಹಾಗೇ ಆಯ್ತು. ಏಳು ಗಂಟೆಯಿಂದ ಸಿಗ್ನಲ್ ಬರೋದು, ಹೋಗೋದು. ಇನ್ನೂ ಎರಡು ದಿನ ಇರ್ಬೇಕೇನೋ.”

ಅವಳು ಪರದೆಯತ್ತ ತಿರುಗಿದಳು. ವೀಕ್ಷಣಾಲಯದ ರಿಸೀವರ್ ಬರೆದ ನಿನ್ನೆ ಸಂಜೆಯ ಗೆರೆ ಎದುರಿಗೇ ಇತ್ತು. ಆರರಿಂದ ಒಂಬತ್ತರವರೆಗೆ ಅದು ಒಂದು ಕಡೆಯೂ ಕಡಿದಿರಲಿಲ್ಲ.

ಪರದೆಯನ್ನು ಅವನತ್ತ ತಿರುಗಿಸಿದಳು. “ಎಲ್ಲಿ ಹೋಗಿತ್ತು ಸಿಗ್ನಲ್ಲು? ತೋರ್ಸಿ ನೋಡೋಣ.”

ಸರ್ವೇಯರ್ ಕಿವಿಯ ತುದಿಯವರೆಗೂ ಕೆಂಪಾದ. “ಎಲ್ಲೂ ಹೋಗಿರ್ಲಿಲ್ಲ. ಎಂಟಕ್ಕೇ ಕೆಲಸ ಮುಗೀತು. ನಿಮ್ಮ ಯಂತ್ರ ಚಾಡಿ ಹೇಳತ್ತೆ ಅನ್ನೋದೇ ಮರೆತುಬಿಟ್ಟೆ.”

“ಎಂಥಾ ಸುಳ್ಳುಬುರುಕರು ರೀ ನೀವು!”

“ನೀವೇ ತಾನೆ ಕೈಕೊಡತ್ತೆ ಅಂದಿದ್ದು?”

ಅಂದಾಜು ತಪ್ಪಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇನ್ನೊಂದು ಸುಳ್ಳಿಗೆ ಅವಳ ನಾಲಿಗೆ ಏಳಲಿಲ್ಲ.

“ಕೊಡಲ್ಲ ಅಂತ ಗೊತ್ತಿತ್ತು. ನೀವು ಹೋಗ್ಬಾರ್ದು ಅಂತ ಹಾಗಂದೆ. ನೀವಂದ್ರೆ ನಂಗಿಷ್ಟ.”

ಅವನು ಜೇಬಿನಿಂದ ಫೋನ್ ತೆಗೆದು ಮೇಲಧಿಕಾರಿಗೆ ಹಚ್ಚಿದ. ಅವಳನ್ನೇ ನೋಡುತ್ತಾ ಹೇಳಿದ, “ಸಾರ್, ಅಳತೆ ಮುಗೀತು. ನಂಗೊಂದು ವಾರ ರಜೆ ಬೇಕು... ಇಲ್ಲ ಸಾರ್, ಸಿಗ್ನಲ್ ತೊಂದ್ರೆ ಏನೂ ಇಲ್ಲ. ಇದು ನನ್ನ ಸ್ವಂತ ವಿಷಯ.”

ಬೆಳಿಗ್ಗೆಯಿಂದ ಮೊದಲ ಸಲ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು.