ಪುಟದಲ್ಲಿ ಹಿಡಿಸದ ಮೂರು ಸಾಲು

"ನನ್ನ ಅಂಕಣದ ಕೊನೇ ಮೂರು ಸಾಲು ಕತ್ತರಿಸಿದ್ದು ಯಾರು?!"

ಪತ್ರಿಕೆಯನ್ನು ಕತ್ತಿಯಂತೆ ಝಳಪಿಸುತ್ತ ಬಂದ ರುಸ್ದಿಯನ್ನು ತೆನ್ರಿ ತಲೆಯೆತ್ತಿ ನೋಡಿದಳು. ಪುಟ ಕಟ್ಟುವುದು ಅವಳ ಕೆಲಸ.

"ನಾನೇ. ಜಾಗ ಇರೋದು ಅರವತ್ತು ಸಾಲಿಗೆ. ನಿಮ್ಮ ಪ್ರತಿಭೆ ಅರವತ್ಮೂರು ಸಾಲಿದ್ರೆ ನಾನೇನ್ ಮಾಡ್ಲಿ, ದಾಯೆಂಗ್?" ಮಕಾಸ್ಸರಿನಲ್ಲಿ 'ದಾಯೆಂಗ್' ಅಂದರೆ 'ರಾಯರೇ' ಅಂದಂತೆ.

ಅವನು ಬಾಯಿ ತೆರೆದ. ಅವಳ ಕಣ್ಣು ನೋಡಿದ. ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟ.

ರುಸ್ದಿ ಸಾಮಾನ್ಯ ಅಂಕಣಕಾರನಲ್ಲ. ಅವನ ಅಂಕಣ ಓದುತ್ತ ಕೂತ ನಾವಿಕರು ಲಂಗರು ಎತ್ತುವುದನ್ನೇ ಮರೆತು, ಮಕಾಸ್ಸರ್ ಬಂದರಿನಲ್ಲಿ ಒಂದು ಹಡಗು ಹನ್ನೊಂದು ದಿನ ನಿಂತಿತ್ತು. ಹದಿಮೂರು ಅನ್ನುವವರೂ ಇದ್ದಾರೆ, ಅದು ಉತ್ಪ್ರೇಕ್ಷೆ.

ಆಮೇಲೆ ಪ್ರತಿ ಗುರುವಾರವೂ ಅರವತ್ಮೂರು ಸಾಲೇ ಬಂತು. ಅರವತ್ತು ಸಾಲು ಮೀನಿನ ಸಂತೆ, ಮೇಯರ್, ಕೋಟೊ ಸೂಪಿಗೆ ಹಿಂಡಬೇಕಾದ ನಿಂಬೆ. ಕೊನೆಯ ಮೂರು ಮಾತ್ರ ಬೇರೆ...

'ಸಂಜೆ ಕಡಲಿಗೆ ನಿನ್ನ ಹೆಸರು ಹೇಳಿದೆ. ಅಲೆ ದಡಕ್ಕೆ ಬರುವುದು ಬಿಟ್ಟು ಕೇಳುತ್ತ ನಿಂತಿತು. ಇನ್ನೊಮ್ಮೆ ಹೇಳು ಅಂತು.'

'ಯಾರೋ ಅದೃಷ್ಟವಂತೆ!' ತೆನ್ರಿ ನಿಟ್ಟುಸಿರಿಟ್ಟು ಕತ್ತರಿಸುತ್ತಿದ್ದಳು. ಕತ್ತರಿಸಿದ ಚೂರನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಳು.

ಎರಡು ವರ್ಷದಲ್ಲಿ ರುಸ್ದಿಯ ಪುಸ್ತಕ ಬಂತು, ಹೆಸರು ಬಂತು, ಜಕಾರ್ತದ ದೊಡ್ಡ ಪತ್ರಿಕೆಯಿಂದ ಕರೆಯೂ ಬಂತು. ಶುಕ್ರವಾರ ಬೆಳಗಿನ ಹಡಗು.

ಗುರುವಾರ ಅವನ ಕೊನೆಯ ಅಂಕಣ ಬಂತು. ತೆನ್ರಿ ಎಣಿಸಿದಳು. ಮತ್ತೆ ಎಣಿಸಿದಳು.

ಅರವತ್ತು.

ಕತ್ತರಿಸಲು ಏನೂ ಇಲ್ಲ...!

ಕತ್ತರಿ ಹಿಡಿದೇ ಅತ್ತಳು. ಅಳುತ್ತಿದ್ದಾಗಲೇ ಹೊಳೆಯಿತು. ಆ ಸಾಲುಗಳು ಅಚ್ಚಾಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅವನ್ನು ಓದುತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ...

'ಅಯ್ಯೋ, ಪೆದ್ದಿ ನಾನು!'

ಅವತ್ತು ತೆನ್ರಿ ಮೊದಲ ಬಾರಿಗೆ ಇನ್ನೊಬ್ಬರ ಬರಹಕ್ಕೆ ಸಾಲು ಸೇರಿಸಿದಳು. ಮೂರು. ಜಾಗಕ್ಕಾಗಿ ಕಡಲಿನ ಉಬ್ಬರವಿಳಿತದ ಪಟ್ಟಿಯನ್ನೇ ಕಿತ್ತುಹಾಕಿದಳು.

ಶುಕ್ರವಾರ ಪತ್ರಿಕೆಯಲ್ಲಿ ಪಟ್ಟಿ ಕಾಣದೆ ಕಡಲಿಗೆ ದಿಕ್ಕೇ ತೋಚಲಿಲ್ಲ. ಏರಲೂ ಇಲ್ಲ, ಇಳಿಯಲೂ ಇಲ್ಲ. ಕನ್ನಡಿಯಂತೆ ಸುಮ್ಮನೆ ಮಲಗಿತ್ತು. ಹಡಗು ಹೊರಡಲಿಲ್ಲ.

ಬಾಗಿಲಲ್ಲಿ ರುಸ್ದಿ. ಕೈಯಲ್ಲಿ ಪತ್ರಿಕೆ.

"ನನ್ನ ಅಂಕಣಕ್ಕೆ ಮೂರು ಸಾಲು ಸೇರಿಸಿದ್ದು ಯಾರು?"

"ನಾನೇ..."

ಅವನು ಓದಿದ. "'ಕತ್ತರಿಸಿದ್ದೆಲ್ಲ ನನ್ನ ಡಬ್ಬಿಯಲ್ಲಿದೆ. ಪ್ರತಿ ಸಾಲೂ ನನಗೆ ಬಾಯಿಪಾಠ. ಹೋಗಬೇಡಿ.'"

ತೆನ್ರಿ ಡಬ್ಬಿ ತೆರೆದು ಅವನ ಮುಂದಿಟ್ಟಳು.

"ಕಸಕ್ಕೆ ಹಾಕಿದ್ದೀಯ ಅಂದ್ಕೊಂಡಿದ್ದೆ ತೆನ್ರಿ... ಎರಡು ವರ್ಷ ಒಂದ್ ಮಾತೂ ಆಡ್ಲಿಲ್ಲ ನೀನು!"

"ಯಾವಳಿಗೋ ಬರೆದಿದ್ದು ಅಂದ್ಕೊಂಡು ಹೊಟ್ಟೆ ಉರ್ಕೊಂಡಿದ್ದೆ!" ಕಣ್ಣೊರೆಸಿಕೊಂಡಳು. "ಜಕಾರ್ತದಲ್ಲಿ ಎಷ್ಟು ಸಾಲು ಕೊಡ್ತಾರಂತೆ?"

"ಎಷ್ಟು ಬೇಕಾದ್ರೂ ಬರೀಬಹುದಂತೆ. ಯಾರೂ ಕತ್ತರಿಸಲ್ವಂತೆ."

"ಮತ್ತೆ...?"

"ಅದಕ್ಕೇ ಹೋಗಲ್ಲ."